ಸಾಲದ ಮಾತು, ಮಾತಿನ ಸಾಲ

ಈ ಅಂಕಣಕ್ಕೆ ಮಾತೇ ಬಂಡವಾಳ. ಆದುದರಿಂದ ಬಂಡವಾಳದ ಮಾತನ್ನೂ ಒಂದು ಸಲ ಆಡಿಬಿಡುವುದು ಒಳ್ಳೆಯದೆಂದು ನಮಗೆ ಬಹುದಿನದಿಂದ ಅನಿಸುತ್ತಿತ್ತು. ಪುಣೆಯ ಕನ್ನಡ ಮನೆಗಳಲ್ಲಿ ಕೊಡುವ, ಕೊಳ್ಳುವ, ತೀರಿಸುವ ಎಲ್ಲ ವ್ಯವಹಾರಕ್ಕೂ ಇತ್ತೀಚೆಗೆ ಒಂದೇ ಮಾತು ಸಾಕಾಗಿದೆ. ಹಾಲಿನವನಿಗೆ ‘ಪೇ’ ಮಾಡಿದೆವು, ಶಾಲೆಗೆ ‘ಪೇ’ ಮಾಡಿದೆವು, ಸೊಸೈಟಿಗೆ ‘ಪೇ’ ಮಾಡಿದೆವು, ಅಣ್ಣನಿಂದ ತಂದದ್ದನ್ನೂ ‘ಪೇ’ ಮಾಡಿ ಕೈ ತೊಳೆದುಕೊಂಡೆವು. 2016ರಲ್ಲಿ ಯುಪಿಐ ಬಂದ ಮೇಲಂತೂ ಈ ಒಂದಕ್ಷರದ ಮಾತು ತರಕಾರಿಯ ಕೈಗಾಡಿಯಿಂದ ಗುಡಿಯ ಹುಂಡಿಯವರೆಗೆ ಹಬ್ಬಿದೆ. ಅಂಗೈಯಗಲದ ಯಂತ್ರವೊಂದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತು, ಇಷ್ಟು ರೂಪಾಯಿ ಸಂದಿತೆಂದು ಓಣಿಗೆಲ್ಲ ಕೇಳುವಂತೆ ಸಾರುತ್ತದೆ.

ಮಾತು ಚಿಕ್ಕದಾದರೂ ಅದರ ಹೊಟ್ಟೆಯಲ್ಲಿರುವ ಅರ್ಥ ಚಿಕ್ಕದಲ್ಲ. ‘ಪೇ’ ಎಂಬುದು ಲ್ಯಾಟಿನ್ನಿನ ‘ಪಾಕಾರೆ’ ಎಂಬ ಮಾತಿನಿಂದ ಹುಟ್ಟಿ, ಫ್ರೆಂಚರ ಮನೆಯಲ್ಲಿ ಬೆಳೆದು, ಇಂಗ್ಲಿಷಿಗೆ ಬಂದದ್ದು. ‘ಪಾಕಾರೆ’ ಎಂದರೆ ಸಮಾಧಾನಪಡಿಸುವುದು. ಶಾಂತಿ ಎಂಬರ್ಥದ ‘ಪೀಸ್’ ಎಂಬುದೂ ಇದೇ ಬೇರಿನದು. ಅಂದರೆ ಹಣ ಕೊಡುವುದೆಂದರೆ ಬಾಗಿಲಲ್ಲಿ ನಿಂತು ಕೂಗಾಡುವವನನ್ನು ತಣ್ಣಗೆ ಮಾಡಿ ಕಳಿಸುವುದು! ‘ಕ್ವಿಟ್’ ಎಂಬ ಮಾತಿನ ಕಥೆಯೂ ಇಂತಹದೇ. ಅದರ ಮೂಲದಲ್ಲಿರುವುದು ‘ಕ್ವೈಯೆಟ್’, ನಿಶ್ಶಬ್ದ. ಸಾಲದಿಂದ ಬಿಡುಗಡೆಯಾದವನು, ಇನ್ನು ಯಾರ ಗದ್ದಲವೂ ಇಲ್ಲದವನು ‘ಕ್ವಿಟ್’. ಬಿಟ್ಟು ಹೋಗು ಎಂಬ ಅರ್ಥ ಅದಕ್ಕೆ ಬಂದದ್ದು ಆಮೇಲೆ. 1942ರಲ್ಲಿ ನಮ್ಮವರು ‘ಕ್ವಿಟ್ ಇಂಡಿಯಾ’ ಎಂದಾಗ ಈ ಎರಡು ಅರ್ಥಗಳೂ ಎಷ್ಟು ಚೆನ್ನಾಗಿ ಕೂಡಿಬಂದವು ನೋಡಿ: ಹೊರಡಿರಿ, ಲೆಕ್ಕ ಮುಗಿಯಿತು ಎಂದಂತೆ. ಹಾಗೆಂದ ಗಾಂಧೀಜಿಯವರನ್ನು ತಂದು ಸೆರೆಯಲ್ಲಿಟ್ಟದ್ದು ನಮ್ಮ ಪುಣೆಯ ಆಗಾಖಾನ್ ಅರಮನೆಯಲ್ಲಿ.

‘ಫೈನಾನ್ಸ್’ ಎಂಬ ಭಾರೀ ಮಾತಿನ ಮೂಲಾರ್ಥವೂ ಮುಗಿಸುವುದೆಂದೇ. ‘ಫಿನಿಶ್’ ಅದರ ದಾಯಾದಿ. ಇಲ್ಲಿ ನಮಗೆ ನಮ್ಮ ಕನ್ನಡ ನೆನಪಾಗದೆ ಇರದು. ನಾವು ಸಾಲವನ್ನು ತೀರಿಸುತ್ತೇವೆ, ತೀರುವುದೆಂದರೆ ಮುಗಿಯುವುದು. ಜಗಳವನ್ನು ಮುಗಿಸುವುದು ತೀರ್ಪು. ಸರ್ಕಾರಕ್ಕೆ ಕೊಟ್ಟು ಮುಗಿಸಬೇಕಾದದ್ದು ತೀರುವೆ. ಮನುಷ್ಯನ ಲೆಕ್ಕವೇ ಮುಗಿದಾಗ ಅವರು ತೀರಿಕೊಂಡರು ಎನ್ನುತ್ತೇವೆ. ಇಂಗ್ಲಿಷಿನಲ್ಲಿಯೂ ಲೆಕ್ಕ ಚುಕ್ತವಾಯಿತೆಂದು ಬರೆಯುತ್ತಿದ್ದ ‘ಕ್ವೈಯೆಟಸ್’ ಎಂಬ ಮಾತು ಕಡೆಗೆ ಸಾವಿನ ಹೆಸರಾಯಿತು. ಸಾವಿರಾರು ಮೈಲಿ ದೂರದ ಎರಡು ಜನ, ಒಬ್ಬರನ್ನೊಬ್ಬರು ಕೇಳದೆ, ಒಂದೇ ತೀರ್ಮಾನಕ್ಕೆ ಬಂದರಲ್ಲ!

ಆದರೆ ಕೊಡುವ ಬಗೆಯಲ್ಲಿ ನಮ್ಮವರೊಳಗೇ ಏಕಮತವಿಲ್ಲ. ಮೈಸೂರು ಕಡೆಯಿಂದ ಬಂದವರು ಶಾಲೆಯ ಫೀ ‘ಕಟ್ಟುತ್ತಾರೆ’. ಹುಬ್ಬಳ್ಳಿ-ಧಾರವಾಡದಿಂದ ಬಂದವರು ಅದನ್ನೇ ‘ತುಂಬುತ್ತಾರೆ’. ಮರಾಠಿಯವರು ‘ಭರಣೆ’ ಎನ್ನುವುದು ಇದನ್ನೇ. ಒಂದೇ ಶಾಲೆ, ಒಂದೇ ಕಿಟಕಿ, ಒಂದೇ ಮೊತ್ತ. ಒಬ್ಬರು ಗಂಟು ಕಟ್ಟಿ ಬರುತ್ತಾರೆ, ಇನ್ನೊಬ್ಬರು ಕೊಡ ತುಂಬಿ ಬರುತ್ತಾರೆ. ಇವೆರಡಕ್ಕಿಂತ ಹಳೆಯದು ತೆರುವುದು. ತೆರಿಗೆ ಎಂಬ ಮಾತು ಅದರಿಂದಲೇ ಬಂತು. ಈಗಿನ ಬಳಕೆಯಲ್ಲಿ ಮನಸ್ಸಿಲ್ಲದೆ ಕೊಡುವುದಕ್ಕೆ ಮಾತ್ರ ಇದು ಉಳಿದಂತಿದೆ: ದಂಡ ತೆತ್ತೆವು, ತಪ್ಪಿಗೆ ಬೆಲೆ ತೆತ್ತೆವು. ಒಳ್ಳೆಯ ಸೀರೆಗೆ ಬೆಲೆ ತೆತ್ತೆನೆಂದು ಯಾವ ಗೃಹಿಣಿಯೂ ಹೇಳಿದ್ದನ್ನು ನಾವು ಕೇಳಿಲ್ಲ. (ಯಜಮಾನರು ಹೇಳಿದ್ದನ್ನು ಕೇಳಿದ್ದೇವೆ.)

ಇನ್ನು ತೆಗೆದುಕೊಳ್ಳುವುದರ ಮಾತು. ಇದರಲ್ಲಿ ನಮ್ಮ ಭಾಷೆ ಇಂಗ್ಲಿಷಿಗಿಂತ ಹೆಚ್ಚು ವಿವೇಕವುಳ್ಳದ್ದೆಂದು ನಮ್ಮ ಅಭಿಪ್ರಾಯ. ಪಕ್ಕದ ಮನೆಯಿಂದ ಒಂದು ಬಟ್ಟಲು ಸಕ್ಕರೆ ತಂದರೂ, ಮದುವೆಗೆಂದು ಅತ್ತಿಗೆಯ ಬಂಗಾರದ ಸರ ತಂದರೂ, ಬ್ಯಾಂಕಿನಿಂದ ಹತ್ತು ಲಕ್ಷ ತಂದರೂ ಇಂಗ್ಲಿಷಿಗೆ ‘ಬಾರೋ’ ಒಂದೇ. ನಮ್ಮ ಅಜ್ಜಿಯರ ಬಾಯಲ್ಲಿ ಹಾಗಿರಲಿಲ್ಲ. ಸಕ್ಕರೆ ಕಡ ತಂದದ್ದು. ತಂದದ್ದನ್ನೇ ತಿರುಗಿ ಕೊಡಲಾಗದು, ಅಷ್ಟೇ ತೂಕದ ಬೇರೆ ಸಕ್ಕರೆ ಕೊಡಬೇಕು. ಸರ ಎರವಲು ತಂದದ್ದು. ಅದರ ಬದಲು ಬೇರೊಂದು ಸರ ಕೊಟ್ಟರೆ ಅತ್ತಿಗೆ ಸುಮ್ಮನಿರುವಳೇ? ಅದನ್ನೇ ಕೊಡಬೇಕು. ಸ್ನೇಹಿತನಿಂದ ಬಾಯಿಮಾತಿನ ಮೇಲೆ, ಬಡ್ಡಿಯಿಲ್ಲದೆ, ಕಾಗದವಿಲ್ಲದೆ ತಂದದ್ದು ಕೈಗಡ. ಅಂಗಡಿಯಲ್ಲಿ ತಿಂಗಳ ಪುಸ್ತಕದ ಮೇಲೆ ತಂದದ್ದು ಉದ್ರಿ. ಇವೆಲ್ಲ ಕೈಮೀರಿದ ಮೇಲೆ, ಪತ್ರ ಬರೆದು ಬಡ್ಡಿಗೆ ತಂದದ್ದು ಸಾಲ. ಪ್ರಾಚೀನ ರೋಮಿನ ನ್ಯಾಯಶಾಸ್ತ್ರಜ್ಞರು, ಸರಿಸಮವಾದದ್ದನ್ನು ತಿರುಗಿಸುವ ಸಾಲಕ್ಕೆ ‘ಮ್ಯೂಟುಅಮ್’ ಎಂದೂ, ಅದೇ ವಸ್ತುವನ್ನು ತಿರುಗಿಸುವುದಕ್ಕೆ ‘ಕೊಮೊದಾತುಮ್’ ಎಂದೂ ಬೇರೆ ಬೇರೆ ಹೆಸರಿಟ್ಟು ಗ್ರಂಥಗಟ್ಟಲೆ ಬರೆದರು. ನಮ್ಮಲ್ಲಿ ಆ ಭೇದವನ್ನು ಹಿತ್ತಲ ಬೇಲಿಯ ಬಳಿ ನಿಂತ ಹೆಂಗಸರು ಕಡ, ಎರವಲು ಎಂಬ ಎರಡು ಮಾತಿನಲ್ಲಿ ಮುಗಿಸಿದ್ದರು.

ಈ ‘ಕಡ’ ಎಂಬುದು ಸಾಮಾನ್ಯ ಮಾತಲ್ಲ. ತಮಿಳಿನಲ್ಲಿ ಇದೇ ‘ಕಡನ್’. ಅಲ್ಲಿ ಅದಕ್ಕೆ ಸಾಲವೆಂದೂ ಅರ್ಥ, ಕರ್ತವ್ಯವೆಂದೂ ಅರ್ಥ. ಕರ್ತವ್ಯಕ್ಕೆ ಅವರು ಹೇಳುವ ‘ಕಡಮೈ’ ಇದರ ಮಗಳು. ಇಂಗ್ಲಿಷಿನಲ್ಲಿಯೂ ಹೀಗೆಯೇ ಆಗಿದೆ. ಕೊಡಬೇಕಾಗಿರುವುದು ‘ಓ’, ಮಾಡಬೇಕಾಗಿರುವುದು ‘ಆಟ್’. ಎರಡನೆಯದು ಮೊದಲನೆಯದರ ಹಳೆಯ ರೂಪವೇ. ಹಾಗೆಯೇ ‘ಡ್ಯೂ’, ‘ಡ್ಯೂಟಿ’, ‘ಡೆಬಿಟ್’, ‘ಡೆಟ್’ ನಾಲ್ಕೂ ಒಂದೇ ತಾಯಿಯ ಮಕ್ಕಳು. ಕಡೆಯವಳಾದ ‘ಡೆಟ್’ ಎಂಬುವಳ ನಡುವೆ ಉಚ್ಚಾರವೇ ಇಲ್ಲದ ಒಂದು ‘ಬಿ’ ಅಕ್ಷರ ಕುಳಿತು ನಮ್ಮ ಮಕ್ಕಳನ್ನು ಕಾಡುತ್ತದೆಯಷ್ಟೆ. ಹಿಂದೆ ಅದು ಇರಲಿಲ್ಲ. ಲ್ಯಾಟಿನ್ ಮೂಲದಲ್ಲಿ ‘ಬಿ’ ಉಂಟೆಂದು ಪಂಡಿತರು ಅಭಿಮಾನದಿಂದ ನಡುವೆ ತುರುಕಿದರು. ಬರೆಯುವುದುಂಟು, ಆಡುವುದಿಲ್ಲ. ಸಾಲಕ್ಕೆ ತಕ್ಕ ಅಕ್ಷರವೇ ಸರಿ.

ಪುಣೆಗೆ ಬಂದ ಕನ್ನಡಿಗನಿಗೆ ಇಂಗ್ಲಿಷಿಗಿಂತ ಮೊದಲು ಕಾಲಿಗೆ ತೊಡರುವುದು ಮರಾಠಿ. ಬಡ್ಡಿಗೆ ಇಲ್ಲಿ ‘ವ್ಯಾಜ’ ಎನ್ನುತ್ತಾರೆ. ನಮ್ಮಲ್ಲಿ ವ್ಯಾಜವೆಂದರೆ ನೆವ, ವ್ಯಾಜ್ಯವೆಂದರೆ ಕೋರ್ಟಿನ ಕಟ್ಲೆ. ಠೇವಣಿಯಿಟ್ಟರೆ ವ್ಯಾಜ ಸಿಗುತ್ತದೆಂದು ಬ್ಯಾಂಕಿನವರು ಹೇಳಿದಾಗ ಹೊಸಬರು ಹೌಹಾರಿದರೆ ಅವರದೇನು ತಪ್ಪು? ಹಳೆಯ ಕಿರಾಣಿ ಅಂಗಡಿಗಳಲ್ಲಿ ತೂಗುಹಾಕಿರುವ ‘ಆಜ್ ರೋಖ, ಉದ್ಯಾ ಉಧಾರ’ ಎಂಬ ಹಲಗೆಯನ್ನು ನಮ್ಮವರು ‘ಇಂದು ರೊಕ್ಕ ಕೊಡು, ನಾಳೆ ಉದ್ಧಾರವಾಗುತ್ತೀ’ ಎಂದು ಓದಿಕೊಂಡರೆ ತಮಾಷೆ ನಿಜ. ಆದರೆ ಶಬ್ದಶಾಸ್ತ್ರದ ಪ್ರಕಾರ ಅವರು ಅಷ್ಟೇನೂ ದೂರ ಹೋಗಿಲ್ಲ. ಉಧಾರವೂ ನಮ್ಮ ಉದ್ರಿಯೂ ಸಂಸ್ಕೃತದ ಉದ್ಧಾರದಿಂದಲೇ ಬಂದವು. ಇನ್ನು ಬೆಳಕಿನ ಹಬ್ಬದ ದಿನ ಮರಾಠಿ ನೆರೆಯವರು ಪ್ರೀತಿಯಿಂದ ಹೇಳುವ ‘ದಿವಾಳಿ’ಯ ಶುಭಾಶಯವನ್ನು ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದು ಊರಿನ ಬೀಗರಿಗೆ ಕಳಿಸುವ ಹುಡುಗರಿಗೆ ಒಂದು ಮಾತು: ಮಗು, ‘ದೀಪಾವಳಿ’ ಎಂದು ಬರೆ. ನೀನು ಬರೆದದ್ದನ್ನು ಊರಿನ ಹಿರಿಯರು ಪಾಪರೆದ್ದವನ ಸುದ್ದಿಯೆಂದು ತಿಳಿದಾರು.

ಹಾಗೆಂದು ನಾವು ಬೀಗಬೇಕಾಗಿಲ್ಲ. ನಮ್ಮ ಲೆಕ್ಕದ ಪುಸ್ತಕವನ್ನು ತೆರೆದರೆ ಸಾಲದ ಮಾತುಗಳಲ್ಲಿ ಬಹುಪಾಲು ಸಾಲದವೇ. ಬಾಕಿ, ಜಮಾ, ವಸೂಲಿ, ಅಸಲು, ನಗದು, ಕರಾರು, ಜಾಮೀನು ಇವು ಅರಬ್ಬಿಯಿಂದ ಬಂದವು. ರಶೀದಿ ಪಾರಸಿಯದು. ಬಡ್ಡಿ ಸಂಸ್ಕೃತದ ವೃದ್ಧಿ; ಬೆಳೆಯುವುದೆಂದರ್ಥ. (ಗ್ರೀಕರು ಬಡ್ಡಿಗೆ ‘ತೋಕೋಸ್’ ಎನ್ನುತ್ತಿದ್ದರು, ಹೆತ್ತ ಮರಿ ಎಂದರ್ಥ. ಹಣ ಮರಿ ಹಾಕುವುದನ್ನು ಅವರೂ ಕಂಡಿದ್ದರು.) ಕಂತಿಗೆ ಮರಾಠಿಯಲ್ಲಿ ಹೇಳುವ ಹಪ್ತೆ ಪಾರಸಿಯ ವಾರ, ವಾರವಾರ ಕೊಡುತ್ತಿದ್ದುದರಿಂದ ಕಂತಾಯಿತು, ಹೆದರಿಸಿ ವಾರವಾರ ಕಿತ್ತುಕೊಳ್ಳುವವರಿಂದ ಪುಂಡರ ಮಾಮೂಲಿಗೂ ಅದೇ ಹೆಸರಾಯಿತು. ಈ ಯಾವ ಮಾತನ್ನೂ ನಾವು ಹಿಂತಿರುಗಿಸಿಲ್ಲ, ಬಡ್ಡಿಯನ್ನೂ ಕೊಟ್ಟಿಲ್ಲ, ಕೊಟ್ಟವರೂ ಕೇಳಲು ಬಂದಿಲ್ಲ. ಲೋಕದಲ್ಲಿ ಮಾತಿನಷ್ಟು ಸುಖವಾದ ಸಾಲ ಬೇರೆ ಇಲ್ಲ.

ನಗೆ ಇಲ್ಲಿಗೆ ಸಾಕು. ಒಂದು ಮಾತು ತಿಳಿಯದ್ದರಿಂದ ಮನೆ ಹಾಳಾದ ಕಥೆಗಳಿಗೂ ಈ ಜಿಲ್ಲೆಯಲ್ಲಿ ಕಡಿಮೆಯಿಲ್ಲ.

ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಿತು. ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಸಾವಕಾರರು ರೈತರ ಮನೆಬಾಗಿಲಿಗೇ ಬಂದು ಸಾಲ ಕೊಟ್ಟರು. ಯುದ್ಧ ಮುಗಿಯಿತು, ಬೆಲೆ ಇಳಿಯಿತು, ಕಂದಾಯ ಮಾತ್ರ ಏರಿತು. ಸಾಲಪತ್ರಕ್ಕೆ ಮೂರೇ ವರ್ಷ ಆಯುಸ್ಸೆಂದು 1859ರಲ್ಲಿ ಸರ್ಕಾರ ಮಾಡಿದ್ದ ಕಾಯಿದೆ ರೈತನ ರಕ್ಷಣೆಗೆಂದು ಹುಟ್ಟಿದ್ದು. ಅದನ್ನು ಸಾವಕಾರ ತನ್ನ ಆಯುಧ ಮಾಡಿಕೊಂಡ. ಮೂರು ವರ್ಷಕ್ಕೊಮ್ಮೆ ತೀರದ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸುವುದು, ಅದರ ಮೇಲೆ ಹೊಸ ಬಡ್ಡಿ. ಓದು ಬಾರದ ರೈತ ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತುತ್ತಿದ್ದ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯೂರಿನಲ್ಲಿ ಸುತ್ತಲಿನ ರೈತರು ಕೂಡಿ ಸಾವಕಾರರ ಮನೆ ಅಂಗಡಿಗಳಿಗೆ ನುಗ್ಗಿದರು. ಅವರು ಕೇಳಿದ್ದು ಮುಖ್ಯವಾಗಿ ಕಾಗದ: ಸಾಲಪತ್ರ ಮತ್ತು ಲೆಕ್ಕದ ವಹಿ. ಅವನ್ನು ರಾಶಿ ಹಾಕಿ ಸುಟ್ಟರು. ದಂಗೆ ಅಹಮದನಗರದ ಕಡೆಗೂ ಹಬ್ಬಿತು. ಕಮಿಷನ್ ಕುಳಿತಿತು, 1879ರಲ್ಲಿ ದಖ್ಖನದ ರೈತರ ಪರಿಹಾರದ ಕಾಯಿದೆಯೆಂಬುದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗೆ ಬಂತು. ಪತ್ರದಲ್ಲಿ ಬರೆದ ಮೊತ್ತವನ್ನಷ್ಟೇ ನಂಬಬೇಡ, ಮೊದಲು ಕೊಟ್ಟದ್ದೆಷ್ಟು, ಆಮೇಲೆ ಬೆಳೆದದ್ದು ಹೇಗೆಂದು ಆಮೂಲಾಗ್ರ ನೋಡು ಎಂದು ನ್ಯಾಯಾಧೀಶನಿಗೆ ಹೇಳಿದ್ದು ಆ ಕಾಯಿದೆಯ ಹೆಚ್ಚುಗಾರಿಕೆ. ಮಹಾದೇವ ಗೋವಿಂದ ರಾನಡೆಯವರು ಮುಂದೆ ಈ ಕಾಯಿದೆಯ ವಿಶೇಷ ನ್ಯಾಯಾಧೀಶರಾಗಿ ಕೆಲಸ ಮಾಡಿದರು.

ಸಾಲಪತ್ರಕ್ಕೆ ಇಂಗ್ಲಿಷಿನಲ್ಲಿ ‘ಬಾಂಡ್’. ಬಂಧಿಸುವುದು ಅದರ ಮೂಲಾರ್ಥ. ‘ಆಬ್ಲಿಗೇಶನ್’ ಎಂಬ ಉದ್ದ ಮಾತಿನಲ್ಲಿರುವುದೂ ಕಟ್ಟಿಹಾಕುವುದೇ. ನಾವು ಹಣವನ್ನು ಕಟ್ಟುತ್ತೇವೆ, ಅವರು ಹಣ ಕೊಡಬೇಕಾದವನನ್ನೇ ಕಟ್ಟುತ್ತಾರೆ ಎಂದು ಹೇಳಿ ನಗಬಹುದಿತ್ತು. ಆದರೆ ನಮ್ಮಲ್ಲಿ ಜೀತವಿತ್ತಲ್ಲ. ಹಿಂದೆ ಜೀತವೆಂದರೆ ಜೀವನಕ್ಕೆಂದು ಕೊಡುವ ಸಂಬಳ, ಗೌರವದ ಮಾತು. ಅಪ್ಪ ಮಾಡಿದ ಸಾಲಕ್ಕೆ ಮಗ ದುಡಿದು ಸಾಯುವ ಪದ್ಧತಿಗೆ ಕಡೆಗೆ ಅದೇ ಹೆಸರಾಯಿತು. ಅದನ್ನು ಕಾಯಿದೆಯಿಂದ ತೊಡೆದುಹಾಕುವುದಕ್ಕೆ 1976 ಬರಬೇಕಾಯಿತು.

ಈಗ ಯಾರೂ ಹೆಬ್ಬೆಟ್ಟು ಒತ್ತುವುದಿಲ್ಲ. ಎಲ್ಲರೂ ಓದಿದವರು, ಸಹಿ ಮಾಡುತ್ತಾರೆ. ಏನು ಬರೆದಿದೆಯೆಂದು ನೋಡದೆ ಮಾಡುತ್ತಾರೆ ಅಷ್ಟೆ. ಪಿಂಪರಿ-ಚಿಂಚವಡದ ಕಾರಖಾನೆಯೊಂದರಲ್ಲಿ ದುಡಿದ ನಮ್ಮ ಬಳಗದ ಹಿರಿಯರೊಬ್ಬರ ಸಂಗತಿಯನ್ನು, ಅವರ ಅಪ್ಪಣೆ ಪಡೆದೇ, ಹೆಸರು ಹೇಳದೆ ಇಲ್ಲಿ ಬರೆಯುತ್ತೇವೆ. ಅವರ ಊರಿನವನೇ ಆದ ತರುಣನೊಬ್ಬ ಅವರ ಕೈಯಿಂದಲೇ ಕೆಲಸಕ್ಕೆ ಸೇರಿದ್ದ, ಅವರ ಮನೆಯಲ್ಲೇ ಆರು ತಿಂಗಳು ಉಂಡಿದ್ದ. ಒಂದು ದಿನ ಕಾಗದ ಹಿಡಿದು ಬಂದು ‘ಕಾಕಾ, ಇಲ್ಲೊಂದು ಸಹಿ ಮಾಡ್ರಿ, ಸಾಕ್ಷಿ ಇದ್ದಂಗ’ ಎಂದ. ಮರಾಠಿಯಲ್ಲಿ ‘ಜಾಮೀನದಾರ’ ಎಂದು ಅಚ್ಚಾಗಿತ್ತು, ಕೆಳಗೆ ಇಂಗ್ಲಿಷಿನಲ್ಲಿ ‘ಗ್ಯಾರಂಟರ್’ ಎಂದು. ಕಾಕಾ ಕನ್ನಡಕ ಹುಡುಕಲಿಲ್ಲ, ಊರಿನ ಹುಡುಗ. ಎರಡು ವರ್ಷಕ್ಕೆ ಹುಡುಗ ಕೆಲಸ ಬಿಟ್ಟು ಎಲ್ಲಿಗೋ ಹೋದ. ಸಾಲ ಕೊಟ್ಟ ಸಂಸ್ಥೆ ಕಾಕಾರ ಸಂಬಳಕ್ಕೆ ಕೈಹಾಕಿತು. ಮೂರು ವರ್ಷ ತಿಂಗಳು ತಿಂಗಳೂ ಕಡಿತವಾಯಿತು. ಮಗಳ ಕಾಲೇಜಿನ ಹಣಕ್ಕೆ ಹೆಂಡತಿಯ ಪಾಟಲಿ ಅಡವು ಹೋದವು. ನಮಗೆ ಹೇಳುವಾಗ ಅವರಿಗೆ ಸಿಟ್ಟಿರಲಿಲ್ಲ. ‘ಸಾಕ್ಷಿಗೂ ಜಾಮೀನಿಗೂ ಫರಕು ನನಗೇನು ತಿಳೀದಂತಲ್ಲ, ಆದರ ಕೇಳಿದರ ಹುಡುಗ ಏನಂದುಕೊಂಡಾನು ಅನಿಸಿತು’ ಎಂದರು.

ದಾಕ್ಷಿಣ್ಯವೆಂದರೆ ಇದೇ. ಇದಕ್ಕೆ ಇಂಗ್ಲಿಷಿನಲ್ಲಿ ಒಂದೇ ಮಾತು ಹುಡುಕಿ ನಾವು ಸೋತಿದ್ದೇವೆ. ದಾಕ್ಷಿಣ್ಯಕ್ಕೆ ಬಸಿರಾದವಳ ಗಾದೆಯನ್ನು ನಮ್ಮ ಓದುಗರೆಲ್ಲ ಬಲ್ಲರು, ಪೂರ್ತಿ ಬರೆಯುವ ಅಗತ್ಯವಿಲ್ಲ.

ಸಾಕ್ಷಿಯಾದವನು ಕಂಡದ್ದನ್ನು ಹೇಳಿದರೆ ಸಾಕು, ಅವನಿಗೆ ಸಾಲವಿಲ್ಲ. ಜಾಮೀನು ನಿಂತವನ ಪಾಡು ಬೇರೆ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮು, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎನ್ನುತ್ತದೆ. ‘ಅಷ್ಟೇ’ ಎಂದರೆ ಕಡಿಮೆಯೆಂದಲ್ಲ, ಪೂರ್ತಿಯಾಗಿ ಅಷ್ಟು. ಮೊದಲು ಸಾಲಗಾರನನ್ನು ಹಿಡಿಯಿರಿ, ಅವನಿಂದ ಬರದಿದ್ದರೆ ನನ್ನ ಬಳಿಗೆ ಬನ್ನಿ ಎಂದು ಹೇಳುವ ಹಕ್ಕೂ ಅವನಿಗೆ ಸಾಮಾನ್ಯವಾಗಿ ಇಲ್ಲ. ಬ್ಯಾಂಕ್ ಆಫ್ ಬಿಹಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1968ರಲ್ಲೇ ಇದನ್ನು ಖಚಿತಪಡಿಸಿದೆ. ಕೊಟ್ಟು ತೀರಿಸಿದ ಮೇಲೆ, ಸಾಲ ಕೊಟ್ಟವನಿಗೆ ಸಾಲಗಾರನ ಮೇಲಿದ್ದ ಹಕ್ಕುಗಳೆಲ್ಲ ಜಾಮೀನುದಾರನಿಗೆ ಬರುತ್ತವೆ. ಅದು 140ನೆಯ ಕಲಮು. ಹಕ್ಕೇನೋ ಬರುತ್ತದೆ. ಹುಡುಗ ಸಿಗಬೇಕಲ್ಲ.

ವರ್ತಮಾನಪತ್ರಿಕೆಗಳಿಂದಾಗಿ ಜಾಮೀನೆಂದರೆ ಈಗಿನವರಿಗೆ ಸೆರೆಮನೆಯಿಂದ ಹೊರಬರುವ ಉಪಾಯವೆಂದಷ್ಟೇ ಗೊತ್ತು; ಸೆರೆಯೊಳಗೆ ಹೋಗುವ ಬಾಗಿಲೂ ಅದೇ ಎಂಬುದು ಮರೆತಿದೆ. ನಮ್ಮ ಅಚ್ಚಗನ್ನಡದ ಮಾತು ‘ಹೊಣೆ’. ಹಳಗನ್ನಡದಲ್ಲಿ ಅದು ‘ಪೊಣೆ’; ಒಬ್ಬನ ಸಲುವಾಗಿ ಇನ್ನೊಬ್ಬ ಜಾಮೀನು ನಿಲ್ಲುವುದೆಂದೇ ಅರ್ಥ. ನಾವೀಗ ಹೊಣೆಗಾರಿಕೆ ಎಂದು ಭಾಷಣಗಳಲ್ಲಿ ಸಡಿಲವಾಗಿ ಬಳಸುವ ಮಾತಿನ ಬೇರು ಅಲ್ಲಿದೆ. ‘ಗ್ಯಾರಂಟರ್’ ಎಂದಿರುವ ಕಡೆ ‘ನಾನು ಹೊಣೆ’ ಎಂದು ಮನಸ್ಸಿನಲ್ಲಿ ಒಮ್ಮೆ ಓದಿಕೊಂಡರೆ ಪೆನ್ನು ತಾನಾಗಿಯೇ ಸ್ವಲ್ಪ ತಡೆಯುತ್ತದೆ.

ಓದುಗರಿಗೆ ಉಪಯೋಗವಾಗುವ ಇನ್ನೊಂದು ಸಂಗತಿ. ರಿಜರ್ವ್ ಬ್ಯಾಂಕಿನವರು 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದ ಮಂಜೂರಾದ ಹೊಸ ಚಿಲ್ಲರೆ ಸಾಲಗಳಿಗೆಲ್ಲ, ಅಂದರೆ ನಮ್ಮಂಥವರು ಮನೆಗೋ ವಾಹನಕ್ಕೋ ಕಂತಿನ ಮೇಲೆ ಎತ್ತುವ ಸಾಲಕ್ಕೆ, ಮುಖ್ಯ ಸಂಗತಿಗಳ ಒಂದು ಪಟ್ಟಿಯನ್ನು ಕೊಡಬೇಕು. ಬಡ್ಡಿಯ ಜೊತೆಗೆ ಇತರ ವೆಚ್ಚಗಳೂ ಸೇರಿ ವರ್ಷಕ್ಕೆ ನಿಜವಾಗಿ ಶೇಕಡಾ ಎಷ್ಟು ಬೀಳುತ್ತದೆಂಬುದು ಅದರಲ್ಲಿರಬೇಕು. ಸಾಲ ಪಡೆಯುವವನಿಗೆ ತಿಳಿಯುವ ಭಾಷೆಯಲ್ಲಿ ಅದು ಇರಬೇಕೆಂದೂ ಹೇಳಿದೆ. ಪುಣೆಯಲ್ಲಿ ಕುಳಿತು ಕನ್ನಡದಲ್ಲಿ ಕೊಡಿರೆಂದು ಕೇಳಿದರೆ ಕೌಂಟರಿನವರು ಮುಖ ನೋಡಿಯಾರು. ಕೇಳಿ ನೋಡಬಾರದೇಕೆ? ಕೇಳಲು ಸಂಕೋಚವಾದರೆ ಇಂಗ್ಲಿಷಿನದನ್ನೇ ಮನೆಗೆ ತಂದು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿಯೊಂದು ಮಾತಿಗೂ ಕನ್ನಡದಲ್ಲಿ ಏನೆಂದು ಕೇಳಿರಿ. ನಮ್ಮ ಕನ್ನಡ ವರ್ಗಗಳಲ್ಲಿ ಕಲಿಸುವ ಸಮಾನಾರ್ಥಕ ಪದಗಳ ಪಾಠಕ್ಕಿಂತ ಇದು ಹೆಚ್ಚು ನೆನಪಿರುತ್ತದೆ.

‘ಕ್ರೆಡಿಟ್’ ಎಂಬ ಮಾತನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಅದರ ಲ್ಯಾಟಿನ್ ಅರ್ಥ ನಂಬುವುದೆಂದು. ಪುಣೆಯ ಬೀದಿಬೀದಿಗಳಲ್ಲಿ ಕಾಣುವ ‘ಪತಸಂಸ್ಥಾ’ ಎಂಬ ಹಲಗೆಗಳಲ್ಲಿರುವ ‘ಪತ’ ಎಂಬುದಕ್ಕೂ ನಂಬಿಕೆ, ಊರಲ್ಲಿರುವ ಮರ್ಯಾದೆ ಎಂದೇ ಅರ್ಥ. ನಮ್ಮ ಪತ್ತಿನ ಸಹಕಾರ ಸಂಘದ ‘ಪತ್ತು’ ಅದೇ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಂಥ ಸಂಘ ಕಟ್ಟಿದರು. ದೇಶದ ಮೊದಲ ಕೃಷಿಪತ್ತಿನ ಸಂಘವೆಂದು ಅದು ಹೆಸರಾಗಿದೆ. ಸುಪೆಯಲ್ಲಿ ಕಾಗದ ಸುಟ್ಟ ಮೂವತ್ತು ವರ್ಷಕ್ಕೆ, ಸಾವಕಾರನನ್ನು ಬಿಟ್ಟು ರೈತರು ಒಬ್ಬರನ್ನೊಬ್ಬರು ನಂಬುವ ಕಾಗದ ಬರೆದರು. ಇತಿಹಾಸದ ಪುಸ್ತಕಗಳಲ್ಲಿ ಈ ಎರಡೂ ಬೇರೆ ಬೇರೆ ಅಧ್ಯಾಯಗಳಲ್ಲಿರುತ್ತವೆ. ನಮಗಂತೂ ಇವು ಒಂದೇ ಕಥೆಯಂತೆ ತೋರುತ್ತವೆ.

ಕಾಗದವಿಲ್ಲದ ಸಾಲಗಳೂ ಉಂಟು. ಮದುವೆಯಲ್ಲಿ ಓದಿಸುವ ಮುಯ್ಯಿ ಅಂಥದು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಪುಸ್ತಕದಲ್ಲಿ ಬರೆದಿಡುತ್ತಾರೆ, ಅವರ ಮನೆಯ ಮದುವೆಗೆ ತಿರುಗಿಸಬೇಕು. ಹೊಲದ ಕೆಲಸಕ್ಕೆ ಕೂಲಿಯಿಲ್ಲದೆ ಒಬ್ಬರಿಗೊಬ್ಬರು ಹೋಗುವುದು ಮುಯ್ಯಾಳು. ಇದೇ ಮುಯ್ಯಿ ಸೇಡಿನ ಹೆಸರೂ ಹೌದು: ಮುಯ್ಯಿಗೆ ಮುಯ್ಯಿ ತೀರಿಸಿದ ಎನ್ನುತ್ತೇವೆ. ಇಂಗ್ಲಿಷಿನವರ ‘ಪೇ ಬ್ಯಾಕ್’ ಎಂಬುದಕ್ಕೂ ಈ ಎರಡು ನಾಲಿಗೆಗಳುಂಟು. ಹಣ ಹಿಂದಿರುಗಿಸುತ್ತೇನೆಂದೂ ಆಗಬಹುದು, ನೋಡಿಕೊಳ್ಳುತ್ತೇನೆಂದೂ ಆಗಬಹುದು. ಉತ್ತರದ ಕಡೆಯವರ ಆಯೇರಿಯೂ ಮರಾಠಿಯವರ ಆಹೇರವೂ ಇದೇ ಲೆಕ್ಕದವು. ಈಗ ಲಗ್ನಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚುಹಾಕಿಸುತ್ತಾರೆ. ನಾಗರಿಕವಾದದ್ದೇ. ಆದರೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಆ ಮುಯ್ಯಿ ಪುಸ್ತಕವೇ ಊರಿನ ಹಾಜರಿ ಪಟ್ಟಿಯಾಗಿತ್ತು. ಅದರಲ್ಲಿ ಹೆಸರಿದ್ದವರು ಇಪ್ಪತ್ತು ವರ್ಷವಾದರೂ ಕಾಗದ ಬರೆದು ಕರೆಯುತ್ತಿದ್ದರು. ಬಾಕಿ ಉಳಿದಿದೆಯೆಂಬುದೇ ನಂಟು ಉಳಿದಿದೆಯೆಂಬುದಕ್ಕೆ ಗುರುತು. ಲೆಕ್ಕ ಚುಕ್ತ ಮಾಡುವುದೆಂದರೆ ಹಳ್ಳಿಗಳಲ್ಲಿ ಮಾತು ಬಿಡುವುದಕ್ಕೆ ಇನ್ನೊಂದು ಹೆಸರು.

ಉಪಕಾರ ಮಾಡಿದವರಿಗೆ ಇಂಗ್ಲಿಷರು ‘ಒಬ್ಲೈಜ್ಡ್’ ಎನ್ನುತ್ತಾರೆ. ಪೋರ್ಚುಗೀಸರ ‘ಒಬ್ರಿಗಾದೊ’ ಎಂಬುದೂ ಅದೇ, ಕಟ್ಟಿಬಿದ್ದಿದ್ದೇನೆಂದು ಅರ್ಥ. ಮರಾಠಿಯ ಸಭೆಗಳು ಆಭಾರ ಪ್ರದರ್ಶನದಿಂದ ಮುಗಿಯುತ್ತವೆ, ನಮ್ಮವು ವಂದನಾರ್ಪಣೆಯಿಂದ. ಗೋವೆಯ ಕ್ರೈಸ್ತರು ಕೊಂಕಣಿಯಲ್ಲಿ ‘ದೇವ್ ಬರೆಂ ಕರುಂ’, ದೇವರು ನಿಮಗೆ ಒಳ್ಳೆಯದು ಮಾಡಲಿ, ಎಂದು ಬಾಕಿಯನ್ನು ನೇರವಾಗಿ ದೇವರ ಖಾತೆಗೆ ಬರೆದುಬಿಡುತ್ತಾರೆ. ನಮ್ಮ ಮುದುಕಿಯರೂ ಅಷ್ಟೇ. ಉಪಕಾರ ಪಡೆದವರು ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎನ್ನುತ್ತಿದ್ದರು. ತಣ್ಣಗೆ ಮಾಡುವ ಕೆಲಸವೇ, ‘ಪೇ’ ಎಂಬ ಮಾತಿನಂತೆ. ಆದರೆ ಕಾಸು ಖರ್ಚಿಲ್ಲ.

ಇವೆಲ್ಲಕ್ಕೂ ಮೇಲೆ ಋಣ. ಬ್ರಾಹ್ಮಣ ಹುಟ್ಟುವಾಗಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಸಾಲಗಾರನೆಂದು ತೈತ್ತಿರೀಯ ಸಂಹಿತೆ ಹೇಳುತ್ತದೆ. ಅದು ಪಂಡಿತರ ಲೆಕ್ಕ. ನಮ್ಮ ಜನ ಅದನ್ನು ಅಡಿಗೆಮನೆಗೆ ಇಳಿಸಿದರು: ಅನ್ನದ ಋಣ, ಉಪ್ಪಿನ ಋಣ. ಇಂಗ್ಲಿಷಿನ ‘ಸ್ಯಾಲರಿ’ ಎಂಬ ಮಾತಿನಲ್ಲಿಯೂ ಉಪ್ಪಿದೆ. ಹಳಗನ್ನಡದವರು ‘ಜೋಳದ ಪಾಳಿ’ ಎಂದರು; ಯಾರ ಮನೆಯ ಜೋಳ ಉಂಡೆವೋ ಅವರಿಗಾಗಿ ಪ್ರಾಣ ಕೊಡುವ ವೀರನ ಧರ್ಮ ಅದು. ಜೋಳದ ರೊಟ್ಟಿಯವರು ಹೆಮ್ಮೆಪಡಬಹುದು.

ಒಂದೂರನ್ನು ಬಿಟ್ಟು ಬಂದವರು ‘ಆ ಊರಿನ ನೀರಿನ ಋಣ ತೀರಿತು’ ಎನ್ನುವುದುಂಟು. ನಾವೆಲ್ಲರೂ ಖಡಕವಾಸಲೆಯ ನೀರು ಕುಡಿಯುವವರು. ಕೆಲವರದು ಮೂರನೆಯ ತಲೆಮಾರು. ಊರಿನ ಋಣ ತೀರಿತೋ ಇಲ್ಲವೋ, ಇಲ್ಲಿಯದಂತೂ ದಿನದಿನಕ್ಕೆ ಏರುತ್ತಿದೆ. ಆದರೆ ಮುಳಾ-ಮುಠಾ ನದಿ ಭೀಮೆಯನ್ನು ಸೇರುತ್ತದೆ. ಭೀಮೆ ಪಂಢರಪುರವನ್ನು ದಾಟಿ ವಿಜಯಪುರ, ಕಲಬುರಗಿ, ಯಾದಗಿರಿಗಳ ಹೊಲಗಳ ಪಕ್ಕದಲ್ಲಿ ಹರಿದು ಕೃಷ್ಣೆಗೆ ಬೀಳುತ್ತದೆ. ನಾವಿಲ್ಲಿ ಮಲಿನ ಮಾಡಿ ಬಿಟ್ಟ ನೀರು ನಮ್ಮ ಸೋದರಮಾವಂದಿರ ಊರಿಗೇ ಹೋಗುತ್ತದೆ. ಇದರಲ್ಲಿ ಯಾರು ಕೊಡತಕ್ಕವರು, ಯಾರು ಪಡೆಯತಕ್ಕವರು ಎಂಬ ಲೆಕ್ಕ ನಮಗಂತೂ ಬಗೆಹರಿದಿಲ್ಲ.

ಮುಂದಿನ ಸಂಚಿಕೆಗೆ ಓದುಗರಿಂದ ಒಂದು ನೆರವು ಬೇಕಾಗಿದೆ. ಪಕ್ಕದ ಮನೆಯಿಂದ ಹೆಪ್ಪಿಗೆ ಮೊಸರು, ಒಗ್ಗರಣೆಗೆ ಕರಿಬೇವು ತರುವುದಕ್ಕೆ ನಿಮ್ಮ ಮನೆಯ ಹಿರಿಯರು ಏನೆನ್ನುತ್ತಾರೆ? ಕಡವೋ, ಎರವಲೋ, ಇಸಕೊಂಡು ಬರುವುದೋ, ಅಥವಾ ತಿರುಗಿ ಕೊಡುವ ಮಾತೇ ಇಲ್ಲದ ಬೇರೆ ಶಬ್ದವುಂಟೋ? ಊರಿನ ಹೆಸರು ಸಹಿತ ಒಂದು ಕಾರ್ಡು ಬರೆದು ಕಾರ್ಯಾಲಯಕ್ಕೆ ಕಳಿಸಿರಿ. ಹಾಗೆ ಬರೆಯುವಾಗ, ವರ್ಷದ ವರ್ಗಣಿ ತುಂಬದವರು ಅದನ್ನೂ ತುಂಬಬಹುದು, ಕಟ್ಟುವವರು ಕಟ್ಟಬಹುದು.